ಕ್ಲಿಕ್ಕರ್‌ನ ನಾಲಿಗೆ

ಬಂದರಿನ ಹಿಂದಿನ ಬೀದಿಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಮೀನು ಹಿಡಿಯುವ ರೀಲುಗಳನ್ನು ರಿಪೇರಿ ಮಾಡುವವಳನ್ನು ಎಲ್ಲರೂ ರೀಲಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತಾರು ವರ್ಷ ದೊಡ್ಡವರಿಗೂ ಅವಳು ರೀಲಕ್ಕನೇ. ಮೊದಮೊದಲು ಕೋಪ ಬರುತ್ತಿತ್ತು, ಆಮೇಲೆ ಹಾಳಾಗಿ ಹೋಗಲಿ ಎಂದು ಬಿಟ್ಟುಬಿಟ್ಟಳು. ಕೋಣೆ ಎಂದರೆ ಎದ್ದು ನಿಂತರೆ ತಲೆ ತಾಗಬೇಕು, ಅಷ್ಟೇ. ಒಂದು ಮೇಜು, ಒಂದು ದೀಪ, ಸೀಮೆಎಣ್ಣೆಯ ಡಬ್ಬ, ಹಲ್ಲುಜ್ಜಿ ಸವೆದ ಬ್ರಷ್ಷುಗಳು, ಒಂದು ಮೊಟ್ಟೆಯ ಟ್ರೇ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಟ್ರೇಯ ಗುಳಿಗಳಲ್ಲಿ ಇಡುತ್ತಾ ಹೋಗುವುದು, ಜೋಡಿಸುವಾಗ ಕೊನೆಯಿಂದ ಮೊದಲಿಗೆ ಬರುವುದು. ಆ ಟ್ರೇಯನ್ನು ಯಾರಾದರೂ ಅಪ್ಪಿತಪ್ಪಿ ಮುಟ್ಟಿದರೋ, ಮುಗಿಯಿತು ಅವರ ಕಥೆ.

ಅವಳಲ್ಲಿಗೆ ಬರುತ್ತಿದ್ದವೆಲ್ಲ ಹಳೆಯ ಮಾದರಿಯ ರೀಲುಗಳು. ಎರಡು ತಟ್ಟೆಗಳ ನಡುವೆ ದಾರ ಸುತ್ತಿದ ಉರುಳೆ, ಪಕ್ಕದಲ್ಲೊಂದು ಹಿಡಿ. ನೋಡಲು ಗಟ್ಟಿಮುಟ್ಟು. ಆದರೆ ಹೇಳಿ ಕೇಳಿ ಸಮುದ್ರದ ಉಪ್ಪು, ಅದು ಯಾರಪ್ಪನ ಮಾತೂ ಕೇಳುವುದಿಲ್ಲ. ಬೇರಿಂಗ್ ಕಚ್ಚಿಕೊಳ್ಳುತ್ತದೆ, ಹಿತ್ತಾಳೆ ಗೇರಿನ ಹಲ್ಲು ಸವೆಯುತ್ತದೆ, ಬ್ರೇಕಿನ ಚರ್ಮದ ವಾಷರು ನುಣ್ಣಗಾಗಿ ಜಾರತೊಡಗುತ್ತದೆ. ರೀಲಕ್ಕ ಹಿತ್ತಾಳೆಯ ಜಾಗಕ್ಕೆ ಸ್ಟೀಲ್ ಗೇರ್, ಚರ್ಮದ ಜಾಗಕ್ಕೆ ಕಾರ್ಬನ್ ವಾಷರ್ ಹಾಕಿ ಕೊಡುವಳು. ಇಷ್ಟೆಲ್ಲ ಯಾಕೆ, ಹೊಸದೇ ತಗೊಂಡರೆ ಆಗಲ್ವಾ ಎಂದು ಕೇಳಿದವರಿಗೆ ಅವಳ ಉತ್ತರ ಸಿದ್ಧವಿತ್ತು.

"ಧಾರಾಳವಾಗಿ ತಗೊಳ್ಳಿ. ಆಮೇಲೆ ಅದನ್ನೂ ಇಲ್ಲಿಗೇ ತರ್ತೀರ."

ಈ ಕೆಲಸ ಕಲಿಸಿದವನು ಅವಳ ಅಣ್ಣ. ಅಪ್ಪ ಹೋದ ಮೇಲೆ ಅವಳನ್ನು ಸಾಕಿದವನೂ ಅವನೇ. ಗಂಡ ಐಸ್ ಫ್ಯಾಕ್ಟರಿಯ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಾಗ, "ನಿನ್ನ ಕೈಯಲ್ಲಿ ಕೆಲಸ ಇದೆ, ಇನ್ನೇನು ಚಿಂತೆ" ಎಂದು ಈ ಕೋಣೆ ಹುಡುಕಿಕೊಟ್ಟವನೂ ಅವನು. ಅವನದು ಒಂದು ಸಣ್ಣ ಯಂತ್ರದ ದೋಣಿ, ಹೋಗುವುದು ಒಬ್ಬನೇ. ಹಿಂಬದಿಯಲ್ಲಿ ಎರಡು ಗಾಳದ ಕೋಲು, ಎರಡು ರೀಲು. ಅವನು ಅವುಗಳಿಗೆ ಬೆನ್ನು ಹಾಕಿ ಚುಕ್ಕಾಣಿ ಹಿಡಿದು ನಿಂತಿರುತ್ತಾನೆ. ಮೀನು ಕಚ್ಚಿದ್ದು ತಿಳಿಯುವುದು ಕ್ಲಿಕ್ಕರ್‌ನಿಂದ. ರೀಲಿನ ಒಂದು ಪಕ್ಕದಲ್ಲಿ ಪುಟ್ಟ ಹಲ್ಲುಚಕ್ರ, ಅದಕ್ಕೆ ತಾಗಿಕೊಂಡು ಉಗುರಿನಷ್ಟು ಲೋಹದ ನಾಲಿಗೆ. ಮೀನು ದಾರ ಎಳೆದರೆ ಚಕ್ರ ತಿರುಗುತ್ತದೆ, ನಾಲಿಗೆ ಕರ್ರ್ ಎನ್ನುತ್ತದೆ.

ಆ ವರ್ಷ ಅಣ್ಣ ಒಂದು ರೀಲನ್ನು ತಂದು ಮೇಜಿನ ಮೇಲಿಟ್ಟ. "ನಾಲಿಗೆ ಸವೆದಿದೆ ಕಣೇ. ಮೀನು ದಾರ ಪೂರ್ತಿ ಎಳ್ಕೊಂಡು ಹೋಗಿದೆ, ಇದು ಕಮಕ್ ಕಿಮಕ್ ಅಂದಿಲ್ಲ."

ಬಿಚ್ಚಿ ನೋಡಿದರೆ ತುದಿ ನಿಜಕ್ಕೂ ಒಂದಿಷ್ಟು ಸವೆದಿತ್ತು. ಬದಲಾಯಿಸಿ ಕೊಟ್ಟಳು. ತಿಂಗಳು ತುಂಬುವುದರೊಳಗೆ ಅದೇ ರೀಲು, ಅದೇ ದೂರು. ಈ ಸಲ ನಾಲಿಗೆ ಅವಳು ಹಾಕಿದ ಹಾಗೇ ಇತ್ತು. ಸ್ಪ್ರಿಂಗ್ ಬಿಗಿಯಾಗಿತ್ತು, ಚಕ್ರದ ಹಲ್ಲು ಚೂಪಾಗಿತ್ತು. ದಾರ ಹಿಡಿದು ಎಳೆದಳು. ಸದ್ದು ಎಷ್ಟು ಜೋರಾಗಿತ್ತೆಂದರೆ ಪಕ್ಕದ ಅಂಗಡಿಯ ಟೇಲರ್ ಗೋಡೆ ಬಡಿದು, "ಏನ್ರೀ ಅದು, ಸೂಜಿಗೆ ದಾರ ಪೋಣಿಸಕ್ಕೂ ಬಿಡಲ್ವಾ?" ಎಂದು ಕೂಗಿದ. ಅಣ್ಣ ಮಾತ್ರ ಇನ್ನೂ ಸದ್ದಿಗೆ ಕಾಯುತ್ತಿರುವವನಂತೆ ಅವಳ ಕೈಯನ್ನೇ ನೋಡುತ್ತಾ, "ಎಳಿ, ನೋಡೋಣ" ಎಂದ.

ಅವಳು ಅವನ ಮುಖ ನೋಡಿದಳು. ಬೇಕೆಂದೇ ಅವನಿಗೆ ಬೆನ್ನು ತಿರುಗಿಸಿ, ಭುಜ ಅಲುಗಾಡದಂತೆ ಮತ್ತೆ ಎಳೆದಳು. ತಿರುಗಿ ನೋಡಿದರೆ ಅಣ್ಣ ಬೀದಿಯ ಕಡೆ ಮುಖ ಮಾಡಿ, ಸುಮ್ಮನೆ ಬಾಗಿಲಿಗೆ ಒರಗಿ ನಿಂತಿದ್ದ.

ಕೆಟ್ಟಿದ್ದು ರೀಲಲ್ಲ ಎಂದು ಆಗಲೇ ಹೇಳಬೇಕಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಬಂದರಿನ ಜನ ಎಂಥವರೆಂದು ಅವಳಿಗೆ ಗೊತ್ತಿತ್ತು. ಒಬ್ಬನಿಗೆ ಕಣ್ಣು ಮಂಜಾಯಿತೆಂದರೆ ಸಂಜೆಯೊಳಗೆ ಅವನಿಗೊಂದು ಅಡ್ಡಹೆಸರು ಇಟ್ಟಿರುತ್ತಾರೆ. ಅಣ್ಣನನ್ನು ಕಿವುಡ ಎಂದರೆ ಅವನು ದೋಣಿ ಮಾರಿ ಮೂಲೆ ಹಿಡಿದು ಕೂರುವ ಜಾತಿ. ಅಂಥ ಅಣ್ಣನನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ.

ಹಾಗಾಗಿ ರಿಪೇರಿಯವಳ ಬುದ್ಧಿ ಓಡಿದ್ದು ರಿಪೇರಿಯ ಕಡೆಗೇ. "ಬಿಟ್ಟು ಹೋಗಣ್ಣ, ಸರಿಮಾಡಿ ಇಡ್ತೀನಿ" ಎಂದಳು. ದಪ್ಪ ಸ್ಟೀಲ್ ತುಂಡನ್ನು ಅರದಿಂದ ಉಜ್ಜಿ ಹೊಸ ನಾಲಿಗೆ ಮಾಡಿದಳು. ದೊಡ್ಡ ಹಲ್ಲಿನ ಚಕ್ರ ಕೂರಿಸಿದಳು. ಸದ್ದು ಅದುರಿ ಹೊರಗೆ ಬರಲೆಂದು ಪಕ್ಕದ ತಟ್ಟೆಯ ಒಳಗೆ ಹಿತ್ತಾಳೆಯ ಹಾಳೆ ಇಟ್ಟಳು. ಕೊನೆಗೆ ಅಣ್ಣ ವಾಪಸ್ ಬಂದಾಗ ಅದನ್ನು ಎಳೆದರೆ ಬೀದಿಯ ನಾಯಿ ಎದ್ದು ಓಡಿತು. ಅಣ್ಣನ ಮುಖ ಅರಳಿತು. "ಈಗ ನೋಡು, ರೀಲು ಅಂದ್ರೆ ಇದು" ಎಂದ. ಇನ್ನೊಂದು ರೀಲಿಗೂ ಹಾಗೇ ಮಾಡಿಸಿಕೊಂಡ. ಮೀನು ಬಂತು. ರೀಲಕ್ಕನಿಗೂ ಒಳಗೊಳಗೇ ಹೆಮ್ಮೆ. ಅಂಥ ಕೆಲಸವನ್ನು ಅವಳು ಬೇರೆ ಯಾರಿಗೂ ಮಾಡಿಕೊಟ್ಟಿರಲಿಲ್ಲ.

ಮಳೆಗಾಲ ಮುಗಿದು ದೋಣಿಗಳು ಮತ್ತೆ ಇಳಿದ ಮೇಲೆ ಒಂದು ದಿನ ಅತ್ತಿಗೆ, ಅಣ್ಣನ ಹೆಂಡತಿ, ಕೋಣೆಗೆ ಬಂದಳು. ಕೂರು ಎಂದರೂ ಕೂರಲಿಲ್ಲ.

"ದೊಡ್ಡ ಬೋಟಿನವನು ಮನೆ ಬಾಗಿಲಿಗೆ ಬಂದು ಕೂಗಾಡಿ ಹೋದ. ಹಾರನ್ ಹೊಡೆದೂ ಹೊಡೆದೂ ಸಾಕಾಯ್ತಂತೆ. ನಿಮ್ಮಣ್ಣ ತಿರುಗಿ ನೋಡ್ಲಿಲ್ಲವಂತೆ. ಅವನೇ ಬೋಟ್ ತಿರುಗಿಸದೇ ಇದ್ದಿದ್ರೆ ಇವತ್ತು ನಾನು..." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವರು ಹೇಳೋದು ಅವನು ಹಾರನ್ನೇ ಹೊಡೀಲಿಲ್ಲ ಅಂತ. ಮನೇಲಿ ಕರೆದ್ರೆ ಏನೋ ಯೋಚನೇಲಿದ್ದೆ ಅಂತಾರೆ. ನಿನ್ನ ಹತ್ರ ಎಷ್ಟು ಸಲ ಬಂದ್ರು ಆ ಸದ್ದಿಲ್ಲ ಅಂತ. ಬಿಚ್ಚಿ ನೋಡೋಳು ನೀನು. ನಿನಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಿತ್ತು ಅತ್ತಿಗೆ."

ಅತ್ತಿಗೆ ಹಾಗೇ ಹೊರಟುಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಣ್ಣನ ಮರ್ಯಾದೆ ಉಳಿಸಲು ಹೋಗಿ ಅಣ್ಣನನ್ನೇ ಕಳೆದುಕೊಳ್ಳುತ್ತಿದ್ದೆನಲ್ಲಾ ಎಂದು ರೀಲಕ್ಕನಿಗೆ ಈಗ ಹೊಳೆಯಿತು. ಆ ಮಧ್ಯಾಹ್ನ ಅವಳು ಒಂದು ಸ್ಕ್ರೂವನ್ನೂ ಬಿಚ್ಚಲಿಲ್ಲ.

ಮಾರನೆಯ ದಿನ ಅಣ್ಣನೇ ಬಂದ, ಎರಡು ರೀಲುಗಳನ್ನೂ ಹಿಡಿದು.

"ಉಪ್ಪು ಕೂತಿರಬೇಕು. ಮತ್ತೆ ಸದ್ದು ಇಳಿದುಹೋಗಿದೆ. ಇನ್ನೊಂಚೂರು ದಪ್ಪ ನಾಲಿಗೆ ಹಾಕಕ್ಕಾಗುತ್ತಾ?"

ಅವಳು ಸ್ಟೂಲ್ ತೋರಿಸಿದಳು. ಒಂದು ರೀಲಿನ ಪಕ್ಕದ ತಟ್ಟೆ ಬಿಚ್ಚಿದಳು, ಒರೆಸಿದಳು, ಒಂದು ತೊಟ್ಟು ಎಣ್ಣೆ ಬಿಟ್ಟಳು, ನಾಲಿಗೆಯನ್ನು ತೆಗೆದು ಎಡಗೈಯಲ್ಲಿ ಮುಚ್ಚಿ ಹಿಡಿದು ತಟ್ಟೆಯನ್ನು ಮತ್ತೆ ಬಿಗಿದಳು. ಅವನ ಎದುರಿಗೇ, ಅವನಿಗೆ ಕಾಣುವ ಹಾಗೆ, ದಾರ ಎಳೆದಳು. ಉರುಳೆ ಸದ್ದಿಲ್ಲದೆ ತಿರುಗಿತು.

"ಹೇಗಿದೆ ಅಣ್ಣ?"

ಅವನು ಅವಳ ಕೈ ನೋಡಿದ, ಮುಖ ನೋಡಿದ, ತಲೆಯಾಡಿಸಿದ. "ಹಾಂ, ಈಗ ಸರಿಯಾಯ್ತು ನೋಡು. ಚೆನ್ನಾಗಿ ಹೊಡೀತಿದೆ."

ಅವಳು ಎಡಗೈ ಬಿಚ್ಚಿ ಮುಂದೆ ಹಿಡಿದಳು.

ಅಣ್ಣ ಬಗ್ಗಿ ನೋಡಿದ. ನಾಲಿಗೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿದ, ಸವೆದಿದೆಯೇ ಎಂದು ಪರೀಕ್ಷಿಸುವವನಂತೆ. ಸವೆದಿರಲಿಲ್ಲ. ಅವನ ಮುಖ ಕೆಂಪಾಯಿತು. ಎದ್ದು ಹೋಗುತ್ತಾನೆ, ಇನ್ನು ಈ ಕೋಣೆಗೆ ಕಾಲಿಡುವುದಿಲ್ಲ ಎಂದುಕೊಂಡಳು. ತಗ್ಗಿದ ಧ್ವನಿಯಲ್ಲೇ ಹೇಳಿದಳು.

"ತಪ್ಪು ನಂದಣ್ಣ. ಅವತ್ತೇ ಹೇಳ್ಬೇಕಿತ್ತು. ನಾಳೆ ಕಿವಿ ಡಾಕ್ಟರ ಹತ್ರ ಹೋಗೋಣ. ಅಲ್ಲೀವರೆಗೂ ಒಬ್ಬನೇ ದೋಣಿ ಇಳಿಸಬೇಡ."

ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಬೇರೆ ದಿನವಾಗಿದ್ದರೆ ಹಾಂ ಹೂಂ ಎಂದು ತಲೆಯಾಡಿಸಿ ಎದ್ದುಬಿಡುತ್ತಿದ್ದ. ಈಗ ನಾಲಿಗೆಯನ್ನು ಮೇಜಿನ ಮೇಲಿಟ್ಟು, ಸ್ಟೂಲನ್ನು ಎಳೆದುಕೊಂಡು ಹತ್ತಿರ ಬಂದ.

"ಕೇಳಿಸ್ಲಿಲ್ಲ ಕಣೇ," ಎಂದ. "ಜೋರಾಗಿ ಹೇಳು."

ಅವಳು ಕಣ್ಣೊರೆಸಿಕೊಂಡು, ಬೀದಿಗೆಲ್ಲ ಕೇಳುವಷ್ಟು ಜೋರಾಗಿ, ಮೊದಲಿನಿಂದ ಹೇಳಿದಳು.