ಪರದೆಯ ತಳದ ಪಟ್ಟಿ ಮಾಯವಾದ ದಿನ

ಪಾತ್ರೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಮೊಮ್ಮಗಳಿಗೆ ಕುಡಿಸುವ ರಾಗಿ ಸರಿಗೆಂದು ಮೊಳಕೆ ಹಿಟ್ಟು ಸೋಸುತ್ತಿದ್ದೆ. ನಡುಮನೆಯಿಂದ ಸೊಸೆ ಕೂಗಿದಳು.

"ಅತ್ತೀ, ಎಲ್ಲಾರ ಸ್ಕ್ರೀನಿನ ಕೆಳಗಿನ ಪಟ್ಟಿ ಹೋಗೇತ್ರಿ!"

ಧ್ವನಿ ಕೇಳಿಯೇ ಹಿಟ್ಟಿನ ಕೈಯಲ್ಲೇ ಎದ್ದು ಹೋದೆ. ಅವಳು ಧಾರವಾಡದ ಕಡೆಯವಳು. ಕೊಬ್ಬರಿ ಕೊಳ್ಳುವ ಒಂದು ಕಂಪನಿಯ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ನೊಣವಿನಕೆರೆ, ತುರುವೇಕೆರೆ, ಹುಳಿಯಾರು, ಎಲ್ಲಾ ಕಡೆಯ ಗುಮಾಸ್ತರೂ ತಮ್ಮ ತಮ್ಮ ಗೋಡೌನಿನಲ್ಲಿ ಕೂತು, ತುಮಕೂರಿನಲ್ಲಿರುವ ಒಂದೇ ದೊಡ್ಡ ಕಂಪ್ಯೂಟರಿನೊಳಗೆ ಹೊಕ್ಕು ಕೆಲಸ ಮಾಡುತ್ತಾರೆ. ಅದನ್ನೇ ಸರ್ವರ್ ಅನ್ನುವುದು. ಎಂಟು ತಿಂಗಳ ಹಾಲು ಕುಡಿಯುವ ಕೂಸಿದೆ ಎಂದು ಮ್ಯಾನೇಜರು ಇವಳಿಗೆ ಮನೆಯಲ್ಲೇ ಕೂರಲು ಬಿಟ್ಟಿದ್ದರು. ಏನಾದರೂ ಎಡವಟ್ಟಾದರೆ ದಿನಾ ತುಮಕೂರಿಗೆ ಬರಬೇಕು ಎಂದೂ ಹೇಳಿದ್ದರು. ನಮ್ಮೂರಿಂದ ಹೋಗಿಬರುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಕೂಸೋ, ಬಾಟಲಿ ಬಾಯಿಗಿಟ್ಟರೆ ಉಗಿಯುತ್ತದೆ.

ಹಿಂದಿನ ದಿನ ತುರುವೇಕೆರೆಯ ಗುಮಾಸ್ತ, ತನ್ನ ಹಳೇ ಸಣ್ಣ ಪರದೆಯಲ್ಲಿ ತೆರೆದ ಕೆಲಸಗಳೆಲ್ಲ ಸಾಲಾಗಿ ಕಾಣುವ ಆ ಪಟ್ಟಿ ಪ್ರಿಂಟ್ ಗುಂಡಿಯನ್ನೇ ಮುಚ್ಚುತ್ತದೆ ಎಂದು ದೂರಿದ್ದನಂತೆ. ಇವಳು ಪಟ್ಟಿ ಅಡಗುವಂತೆ ಮಾಡಿದಳು.

"ಅವರೊಬ್ಬರಿಗಷ್ಟ ಮಾಡೀನಿ ಅಂದ್ಕೊಂಡಿದ್ದೆ. ಎಲ್ಲಾರಿಗೂ ಹತ್ತೇತಿ," ಎಂದು ತುಟಿ ಕಚ್ಚಿಕೊಂಡಳು.

ಮಾಡಿದ್ದನ್ನು ತಿರುಗಿ ಸರಿಮಾಡಿಯೂ ಆಗಿತ್ತು. ಎಲ್ಲರೂ ಒಮ್ಮೆ ಹೊರಬಂದು ಮತ್ತೆ ಒಳಗೆ ಹೋದರೆ ಪಟ್ಟಿ ಕಾಣುತ್ತಿತ್ತು. ಒಬ್ಬೊಬ್ಬರಿಗೂ ಫೋನು ಮಾಡಿ ಹೇಳಿದಳು, ಮಾಡಿದರು. ಹುಳಿಯಾರಿನವರು ಮಾತ್ರ ಉಳಿದರು. ಆ ಹಿರಿಯ ಗುಮಾಸ್ತರು ಬೆಳಿಗ್ಗೆಯಿಂದ ಹದಿನಾರು ಜನ ರೈತರ ಕೊಬ್ಬರಿ ತೂಕ ಬರೆದು, ಸೇವ್ ಮಾಡುವ ಮೊದಲೇ ಪರದೆಯ ಮೇಲಿನ ಆ ಲೆಕ್ಕದ ಕಿಟಕಿಯನ್ನು ಕೆಳಕ್ಕಿಳಿಸಿದ್ದರು. ಇಳಿದದ್ದು ಪಟ್ಟಿಯೊಳಗೆ, ಮೇಲೆತ್ತೋಣವೆಂದರೆ ಪಟ್ಟಿಯೇ ಇಲ್ಲ. ಹಾಗೇ ಹೊರಬಂದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಮತ್ತೆ ತೂಗೋಣವೆಂದರೆ ಚೀಲಗಳನ್ನು ಆಗಲೇ ಒಂದೇ ರಾಶಿಗೆ ಸುರಿದಿದ್ದರು.

ಇವಳು ಅವರ ಪರದೆಯನ್ನು ಇಲ್ಲಿಂದಲೇ ನೋಡಿ ಕಿಟಕಿ ಮೇಲೆತ್ತಬಹುದಿತ್ತು. ಅದಕ್ಕೆ ಅವರ ಒಪ್ಪಿಗೆ ಬೇಕು. ನೋಡಬಹುದೇ ಎಂದು ಅವರ ಪರದೆಯಲ್ಲೇ ಪ್ರಶ್ನೆ ಬರುತ್ತದೆ. ಅವರು ಎರಡು ಸಲವೂ ಬೇಡ ಎಂದು ಒತ್ತಿ ಫೋನು ಕುಕ್ಕಿದ್ದರು.

"ಮ್ಯಾನೇಜರ ಕೈಲಿ ಹೇಳ್ಸೇ," ಎಂದೆ.

"ಅವರಿಗೆ ತಪ್ಪು ಯಾರದು ಅಂತ ಇನ್ನೂ ಗೊತ್ತಿಲ್ರಿ. ಹನ್ನೊಂದರೊಳಗ ಸರಿ ಆಗದಿದ್ರ ಸರ್ವರ್‌ನ ಆಫ್ ಮಾಡಿ ಆನ್ ಮಾಡಸ್ತೀನಿ ಅಂದಾರ. ಹಂಗ ಮಾಡಿದ್ರ ಹದಿನಾರೂ ಹೋದ್ವು."

ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಕರೆಂಟು ಇದೆ, ಕೂಸು ಮಲಗಿದೆ, ಇಷ್ಟು ದೇವರು ಕೊಟ್ಟಿದ್ದಾನೆ ಎಂದುಕೊಂಡು ಸೆರಗಿಗೆ ಕೈ ಒರೆಸಿ ಫೋನು ಇಸಿದುಕೊಂಡು ನಾನೇ ಹುಳಿಯಾರಿಗೆ ಮಾಡಿದೆ.

"ಯಾರಮ್ಮಾ ನೀನು? ಆಗ್ಲೆ ಒಬ್ಳು ಆ ಕಡೆ ಮಾತೋಳು ಮಾಡಿದ್ಲು, ಈಗ ನೀನಾ?"

"ಅವಳು ನನ್ನ ಸೊಸೆ ಕಣಣ್ಣ. ನಾವು ಚಿಕ್ಕನಾಯಕನಹಳ್ಳಿ ಕಡೆಯೋರೆ."

"ಹಂಗಂತ ಎಲ್ರೂ ಅಂತಾರೆ. ಪರದೆ ತೋರ್ಸಿ ಅಂದ್ರೆ ತೋರುಸ್ಬ್ಯಾಡಿ ಅಂತ ಬ್ಯಾಂಕಿನೋರು ಹೇಳವ್ರೆ. ಎಲ್ಲಿ, ಅಟ್ಟದ ಮ್ಯಾಲಿನ ಕಾಯಿ ಕೊಬ್ರಿ ಆಗೈತೆ ಅಂತ ಹೆಂಗೆ ತಿಳ್ಕೊತೀಯ, ಹೇಳು ನೋಡಾನ."

"ಅಲ್ಲಾಡ್ಸಿದ್ರೆ ಒಳಗೆ ಗುಡುಗುಡು ಅನ್ಬೇಕು. ನೀರಿನ ಸದ್ದು ಬಂದ್ರೆ ಇನ್ನೂ ಬುಡ್ಬೇಕು."

"ಅದು ಫೋನಲ್ಲಿ ವಿಡಿಯೋ ನೋಡಿದ್ರೂ ಗೊತ್ತಾಯ್ತದೆ ಬುಡು," ಎಂದು ನಕ್ಕರು. ಹಿಂದಿನಿಂದ ಯಾರೋ ರೈತ "ತೂಕದ ಚೀಟಿ ಕೊಡ್ತೀರಾ ಇಲ್ವಾ ಸ್ವಾಮಿ?" ಎಂದು ಗದರುವುದು ಕೇಳಿಸಿತು.

ನನಗೆ ಹೊಳೆದದ್ದು ಒಂದೇ ದಾರಿ. ಸೊಸೆಯ ಮುಖ ನೋಡಿದೆ. ಅವಳಿಗೂ ಅರ್ಥವಾಗಿ ಬೇಡ ಬೇಡವೆಂದು ತಲೆಯಾಡಿಸಿದಳು. ದೇವರ ಗೂಡಿನಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ಅದರ ಮುಂದೆ ನಿಂತು ಸುಳ್ಳು ಕಥೆ ಕಟ್ಟಲು ನನಗೆ ಬಾಯಿ ಬರಲಿಲ್ಲ.

"ಅಣ್ಣಾ, ಪಟ್ಟಿ ಹೋಗಿದ್ದು ನಮ್ಮ ಹುಡುಗಿಯಿಂದ್ಲೇ. ನಿನ್ನೆ ಒಬ್ಬರಿಗೆ ಮಾಡಕ್ಕೆ ಹೋಗಿ ಎಲ್ರಿಗೂ ಮಾಡವ್ಳೆ. ನೀವು ಮ್ಯಾನೇಜರಿಗೆ ಹೇಳಿದ್ರೆ ಅವಳು ಕೂಸು ಬಿಟ್ಟು ದಿನಾ ತುಮಕೂರಿಗೆ ಹೋಗ್ಬೇಕು. ಹೇಳಿದ್ರೆ ಹೇಳ್ಕಳಿ. ಮೋಸ ಮಾಡೋರು ಎಲ್ಲಾದ್ರೂ ತಪ್ಪು ನಮ್ದೇ ಅಂತಾರಾ? ಹನ್ನೊಂದು ಆದ್ರೆ ಅಷ್ಟೂ ಜನದ ತೂಕ ಅಳಿಸಿಹೋಯ್ತದೆ."

ಸೊಸೆ ಒಪ್ಪಿಗೆಯ ಪ್ರಶ್ನೆಯನ್ನು ಅವರ ಪರದೆಗೆ ಮತ್ತೆ ಕಳಿಸಿದಳು. ಆಮೇಲೆ, "ಕೇಳ್ತಾ ಐತೆ ನೋಡಮ್ಮ, ಎಸ್ ಅಂತ ಒತ್ಲಾ?" ಎಂದರು.

"ಒತ್ತಣ್ಣ."

ಸೊಸೆಯ ಬೆರಳುಗಳು ಗುಂಡಿಗಳ ಮೇಲೆ ಓಡಿದವು. ಬರಿದಾಗಿದ್ದ ಪರದೆಯ ಮೇಲೆ ಕಿಟಕಿ ಎದ್ದು ಬಂತು. ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಎಣಿಸಿದೆ, ಹದಿನಾರು ಹೆಸರೂ ಇದ್ದವು. ಸೇವ್ ಒತ್ತಿ ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಅವರು ಹೊರಬಂದು ಮತ್ತೆ ಒಳಗೆ ಹೋದರು.

"ಬಂತು ಕಣಮ್ಮ ಪಟ್ಟಿ! ನಿನ್ನ ಸೊಸೆಗೆ ನಮ್ಮ ಕಡೆ ಮಾತು ಸ್ವಲ್ಪ ಕಲ್ಸು. ಮ್ಯಾನೇಜರಿಗೆ ನಾನೇನೂ ಅನ್ನಕ್ಕಿಲ್ಲ."

ಫೋನು ಇಟ್ಟ ಮೇಲೆ ಸೊಸೆ ನನ್ನ ಕಡೆ ನೋಡದೆ ಕೂಸಿನ ಬಟ್ಟೆ ಮಡಚತೊಡಗಿದಳು. ಸಿಟ್ಟಿರಬೇಕು ಎಂದುಕೊಂಡೆ. ಆಮೇಲೆ ತಾನಾಗಿಯೇ ಫೋನು ತೆಗೆದು ಮ್ಯಾನೇಜರಿಗೆ ಮಾಡಿ, ತಪ್ಪು ತನ್ನದೇ ಎಂದಳು. ಅವರ ಬೈಗುಳ ಬಾಗಿಲ ಬಳಿ ನಿಂತ ನನಗೂ ಕೇಳಿಸುತ್ತಿತ್ತು. ಇವಳು ಹ್ಞೂಂ ಸಾರ್, ಹ್ಞೂಂ ಸಾರ್ ಎನ್ನುತ್ತಾ ಗೋಡೆ ನೋಡುತ್ತಿದ್ದಳು.

"ಏನಂದ್ರೇ ಮ್ಯಾನೇಜರು?"

"ವಾರಕ್ಕೊಂದು ದಿನ, ಗುರುವಾರ ಬರಬೇಕಂತ. ಉಳದ ದಿನ ಮನಿಯಿಂದನ ಮಾಡು ಅಂದ್ರು."

ಆರು ದಿನ ಉಳಿಸಿಕೊಟ್ಟ ಗೂಡಿನ ದೇವರಿಗೆ ಕೈ ಮುಗಿದೆ. ಗುರುವಾರಕ್ಕೆ ಕೂಸಿಗೆ ಲೋಟದಲ್ಲಿ ಕುಡಿಯುವುದು ರೂಢಿ ಮಾಡಿಸಬೇಕು. ಅಷ್ಟರಲ್ಲಿ ಅದು ಎದ್ದು ಅಳತೊಡಗಿತು. ಸೊಸೆ ಎತ್ತಿಕೊಂಡು ಹಾಲು ಕೊಡಲು ಕೂತಳು. ನಾನು ಅದಕ್ಕೆ ಎರೆಯಲು ನೀರು ಕಾಯಿಸೋಣವೆಂದು, ಬಚ್ಚಲೊಲೆಗೆ ಎರಡು ತೆಂಗಿನ ಮಟ್ಟೆ ತಳ್ಳಿದೆ.