ಮಾಫಿ ಕೊಡದ ಜೈನಾಬ್

ಹುತ್ತೂರಿನ ದೊಡ್ಡಮುನಿಯಮ್ಮನಿಗೆ ಮೂವತ್ತಾರನೇ ಇಸವಿಯ ಬೇಸಿಗೆಯ ಕೂಲಿ ಇನ್ನೂ ಸಂದಿಲ್ಲ. ಅವಳು ಮಣ್ಣಾದಳು, ಕೊಡಬೇಕಾದವರೂ ಮಣ್ಣಾದರು. ಬಾಕಿ ಮಣ್ಣಾಗಿಲ್ಲ.

ಕೊಡಬೇಕಾದವರು ಖುದ್ದೂಸ್ ಸಾಹೇಬರು. ಅವರ ರೇಷ್ಮೆ ಚರಕಗಳ ಮುಂದೆ ಜೈನಾಬ್ ಮತ್ತು ದೊಡ್ಡಮುನಿಯಮ್ಮ ಅಕ್ಕಪಕ್ಕ ಕೂತು, ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ನೂಲೆಳೆಯುತ್ತಿದ್ದರು. ಬೆಂದ ಬೆರಳಿಗೆ ಸಾರಿನ ಖಾರ ತಾಗಿದರೆ ಜೀವ ಹೋದಂತಾಗುತ್ತಿತ್ತು. ಆ ವರ್ಷ ಜಪಾನಿನ ಅಗ್ಗದ ರೇಷ್ಮೆ ಬಂದು ದರ ಕುಸಿಯಿತೆಂದು ಸಾಹೇಬರು ಎಲ್ಲರ ಕೂಲಿ ತಡೆದರು. ಸಮುದ್ರದಾಚೆ ಬೆಲೆ ಬಿದ್ದರೆ ಹುತ್ತೂರಿನ ಒಲೆ ಆರಬೇಕು. ಲೋಕದ ನ್ಯಾಯ ಹಾಗಿತ್ತು.

ಮರುವರ್ಷ ಸಾಹೇಬರೇ ಸಮುದ್ರ ದಾಟಿ ಹಜ್‌ಗೆ ಹೊರಟರು. ಹೊರಡುವ ಮುನ್ನ ಮನೆಮನೆಗೆ ಹೋಗಿ, ಅಂದದ್ದಕ್ಕೆ ಆಡಿದ್ದಕ್ಕೆಲ್ಲ ಮಾಫಿ, ಅಂದರೆ ಕ್ಷಮೆ, ಕೇಳುವುದು ಪದ್ಧತಿ. ತಮ್ಮ ಜನದ ಹೆಂಗಸರಿಗೆ ಬಾಕಿ ತೀರಿಸಿ, ಮಾಫಿ ಪಡೆದು, ಕೊನೆಗೆ ಜೈನಾಬಳ ಬಾಗಿಲಿಗೆ ಬಂದು ಅವಳ ಕೂಲಿ ಚಾಚಿದರು. ಚರಕದವರಲ್ಲಿ ಬೇರೆ ಜಾತಿಯವಳೆಂದರೆ ದೊಡ್ಡಮುನಿಯಮ್ಮ ಒಬ್ಬಳೇ. ಅವಳು ಅಲ್ಲೇ ಜಗಲಿಯಲ್ಲಿ ಎಲೆಅಡಿಕೆ ಅಗಿಯುತ್ತಿದ್ದಳು. ಸಾಹೇಬರದೂ ಜೈನಾಬಳದೂ ಮನೆಮಾತು ದಖ್ಖನಿ. ಗೆಳತಿಗೂ ತಿಳಿಯಲೆಂದು ಜೈನಾಬ್ ಕನ್ನಡದಲ್ಲೇ ಕೇಳಿದಳು.

"ಮುನಿಯಮ್ಮಕ್ಕನ ದುಡ್ಡೆಲ್ಲಿ, ಸಾಬ್?"

"ಅವಳ ಮಾಫಿ ನಂಗ್ಯಾಕಮ್ಮ? ನೀನು ಕೊಟ್ರೆ ಸಾಕು."

"ದುಡಿಮೆ ಬೇಕಾಗಿತ್ತು, ಮಾಫಿ ಬೇಡ್ವಾ? ಮಕ್ಕಾದಲ್ಲಿ ರಾಜ, ಕೂಲಿ, ಕರಿಯ, ಬಿಳಿಯ ಎಲ್ಲ ಒಂದೇ ಥರ ಬಟ್ಟೇಲಿ ನಿಲ್ತಾರಂತೆ. ಇಲ್ಲಿ ಎರಡು ಲೆಕ್ಕ ಇಟ್ಕೊಂಡು ಅಲ್ಲಿ ಹೆಂಗ್ ನಿಲ್ತೀರ? ನಾನ್ ಮಾಫಿ ಕೊಡಲ್ಲ."

ದೊಡ್ಡಮುನಿಯಮ್ಮ ತಾಂಬೂಲ ಉಗಿದು, "ಬಿಡೇ, ನನ್ ಕಾಸಿಗೋಸ್ಕರ ಅವಯ್ಯನ ಹಡಗು ನಿಲ್ಲಿಸ್ತೀಯೇನೇ? ನಿಂದು ಈಸ್ಕೋ" ಅಂದಳು.

ಜೈನಾಬ್ ಮುಟ್ಟಲಿಲ್ಲ. ಸಾಹೇಬರು ಕಾಸನ್ನು ಜೇಬಿಗಿಳಿಸಿ ಹಾಗೇ ಹೊರಟುಹೋದರು. ಜೈನಾಬಳ ಚರಕದ ಕೆಲಸವೂ ಹೋಯಿತು. ಅವಳು ಹುಣಸೆಹಣ್ಣು ಬಿಡಿಸುವ ಕೂಲಿಗೆ ಸೇರಿದಳು. ಐದು ಹೊತ್ತು ನಮಾಜು ಬಿಟ್ಟವಳಲ್ಲ. ಅಲ್ಲಾಹನಿಗೆ ಬಾಗಿದ ಸೊಂಟ ಸಾಹುಕಾರನಿಗೆ ಬಾಗಲಿಲ್ಲ.

ಯಾತ್ರೆ ಮುಗಿಸಿ ಬಂದವರನ್ನು ಊರು 'ಹಾಜಿ ಸಾಹೇಬರು' ಅಂದಿತು. ಜೈನಾಬ್ ಸಾಯುವವರೆಗೂ ಬರೀ 'ಖುದ್ದೂಸ್ ಸಾಬ್' ಅಂದಳು. ಅವಳು ಎದುರಾದರೆ ಸಾಹೇಬರು ಬೇರೆ ಬೀದಿ ಹಿಡಿಯುತ್ತಿದ್ದರು. ಮಾಫಿ ಸಿಗಲಿಲ್ಲವೆಂಬುದು ಅವರಿಗೂ ಗೊತ್ತಿತ್ತು.

ನೀವು ಮಕ್ಕಾಗೆ ಹೋಗುತ್ತೀರೋ, ಕಾಶಿಗೋ, ತಿರುಪತಿಗೋ, ಹೋಗಿ. ನಿಮ್ಮ ಹೊಲದಲ್ಲಿ, ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ದುಡಿದವರ ಕೂಲಿಯನ್ನು ಮೊದಲು ಅವರ ಕೈಗಿಟ್ಟು ಹೋಗಿ.