ಲೆಕ್ಕಕ್ಕೆ ಬಾರದ ತೋಳು

ನಮ್ಮ ಕೊರಟಗೆರೆ ಸೀಮೆಯಲ್ಲಿ ಸಿಡುಬಿಗೆ ದಾಕು ಹಾಕುತ್ತಿದ್ದ ಶಂಕರಲಿಂಗಪ್ಪ ಮದುವೆ ಮನೆಗೆ ಹೋದರೂ ಊಟದ ಎಲೆಗಿಂತ ಮೊದಲು ಮಕ್ಕಳ ತೋಳು ನೋಡುತ್ತಿದ್ದ. ದೇವರ ತೋಳಿನಲ್ಲೂ ದಾಕಿನ ಕಲೆ ಹುಡುಕಿಯೇ ಕೈಮುಗಿಯುತ್ತಾನೆಂದು ನಾವು ನಗುತ್ತಿದ್ದೆವು. ಹಾಕಿದ ದಾಕು ಗುಳ್ಳೆಯೆದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತಿತ್ತು. ಅಂಥ ತೋಳುಗಳನ್ನು ಹೆಚ್ಚಾಗಿ ತೋರಿಸಿದ ದಾಕಿನವರಿಗೆ ವರ್ಷಕ್ಕೊಮ್ಮೆ ಸರ್ಕಾರದ ಇನಾಮು ಸಿಗುತ್ತಿತ್ತು. ಜೊತೆಯವರು ಸಂತೆಯ ಊರುಗಳಲ್ಲಿ ಕೂತು ಅದನ್ನು ಪಡೆದರು. ಇವನು ಸಿದ್ದರಬೆಟ್ಟದ ಹಿಂದಿನ ಹಟ್ಟಿಗಳಿಗೆ ನಡೆದು, ಕೂಸನ್ನು ರಾಗಿ ತುಂಬಿದ ವಾಡೆಯ ಹಿಂದೆ ಬಚ್ಚಿಟ್ಟ ಒಬ್ಬ ತಾಯಿಯನ್ನು ಒಪ್ಪಿಸುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. "ಈ ವರ್ಸಾನೂ ಇನಾಮಿಲ್ವಾ? ಸೂರು ಹಂಗೇ ಸೋರ್ಲಿ ಬುಡಿ" ಎಂದು ಹೆಂಡತಿ ದಾಕ್ಷಾಯಣಮ್ಮ ಚುಚ್ಚುತ್ತಿದ್ದರು. "ಸಂತೇಲಿ ಕೂತ್ರೆ ಬತ್ತದೆ ಕಣೆ. ಹಟ್ಟಿ ಕೂಸುಗಳು ಸಂತೆಗೆ ಬರಾಕಿಲ್ವಲ್ಲ" ಎನ್ನುತ್ತಿದ್ದ. ಇದು ಯಾವ ನ್ಯಾಯ ಎಂದು ನೆರೆಮನೆಯವನಾದ ನಾನು ಸಿಟ್ಟಾದರೆ, "ಗುಳ್ಳೆ ಎಣಿಸ್ಬೋದು, ನಡೆದದ್ದನ್ನ ಹೆಂಗ್ಲಾ ಎಣಿಸ್ತಾರೆ?" ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದ. ಸಾಯುವವರೆಗೂ ಅವನಿಗೆ ಇನಾಮು ಬರಲಿಲ್ಲ, ಸೂರೂ ಹಾಗೇ ಇದೆ. ಕಳೆದ ವಾರ ಅವನಿಗೆ ಕೊನೆಯ ಸ್ನಾನ ಮಾಡಿಸುವಾಗ ಎಡತೋಳಿನ ತುಂಬ ಸೂಜಿಯ ಗುರುತುಗಳು ಕಂಡವು. ಹೆದರಿದ ತಾಯಂದಿರ ಧೈರ್ಯಕ್ಕೆಂದು ಅವನು ಮೊದಲು ತನಗೇ ಚುಚ್ಚಿಕೊಳ್ಳುತ್ತಿದ್ದನಂತೆ. ದಾಕ್ಷಾಯಣಮ್ಮ ಆಗ ಹೇಳಿದರು. ಚಿಕ್ಕಂದಿನಲ್ಲೇ ದಾಕು ಹಾಕಿಸಿಕೊಂಡಿದ್ದ ಮೈಯಾದ್ದರಿಂದ ಅವು ಯಾವುವೂ ಗುಳ್ಳೆಯೆದ್ದಿರಲಿಲ್ಲ, ಯಾವ ಲೆಕ್ಕಕ್ಕೂ ಸೇರಿರಲಿಲ್ಲ. ನಾನು ಆ ತೋಳಿಗೆ ನಿಧಾನವಾಗಿ ನೀರು ಹೊಯ್ದೆ.